ಚೌಕಾಬಾರಕ್ಕೆ 128 ಬೈಟ್

ಅಮ್ಮ ಊರಿಂದ ಬಂದ ದಿನ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಚೌಕಾಬಾರದ ಮನೆ ಬರೆಯುತ್ತಿದ್ದೆ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬರೆದಿದ್ದರೆ ಎರಡು ನಿಮಿಷದ ಕೆಲಸ. ಇದು ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್‌ಗೆ ಒಂದೊಂದೇ ಹೆಜ್ಜೆ ಹೇಳಿಕೊಡುವ ಭಾಷೆಯಲ್ಲಿ, ಮೂರನೇ ವಾರ ನಡೆಯುತ್ತಿತ್ತು. ಅಮ್ಮ ಕಾಫಿ ಲೋಟ ಹಿಡಿದುಕೊಂಡು ಹಿಂದೆ ಬಂದು ನಿಂತಳು. "ಏನೋ ಇದು, ಗೆರೆಯೆಲ್ಲ ನಡುಗ್ತಾ ಇದೆ?"

ನಡುಗುತ್ತಿದ್ದದ್ದು ನಿಜ. ಪರದೆಯ ಒಂದು ಸಾಲಿನಲ್ಲಿ 76 ಸೈಕಲ್ (ಪ್ರೊಸೆಸರ್‌ನ ಒಂದೊಂದು ಬಡಿತ) ಖರ್ಚು ಮಾಡಬೇಕಾದ ಕಡೆ ನಾನು 79 ಮಾಡಿದ್ದೆ, ಅಷ್ಟೇ. ಅದನ್ನು ಅಮ್ಮನಿಗೆ ಹೇಗೆ ಹೇಳೋದು? "ಸ್ವಲ್ಪ ಲೆಕ್ಕ ತಪ್ಪಿದೆ" ಅಂದೆ. ಪೂರ್ತಿ ಕಥೆ ನಿಮಗೆ ಹೇಳ್ತೀನಿ, ಸ್ವಲ್ಪ ಉದ್ದ ಇದೆ.

ನಾನು ಈ ಆಟ ಬರೆಯುತ್ತಿದ್ದದ್ದು ಅಟಾರಿ 2600 ಅನ್ನೋ ಹಳೇ ವಿಡಿಯೋ ಗೇಮ್ ಯಂತ್ರಕ್ಕೆ. ಅಮೆರಿಕದಲ್ಲಿ 1977ರ ಸೆಪ್ಟೆಂಬರ್‌ನಲ್ಲಿ ಬಂತು, ಬೆಲೆ ಸುಮಾರು 200 ಡಾಲರ್. ಆಗ ಅದರ ಹೆಸರು ವಿಡಿಯೋ ಕಂಪ್ಯೂಟರ್ ಸಿಸ್ಟಮ್, 2600 ಅನ್ನೋ ಹೆಸರು ಬಂದದ್ದು 1982ರಲ್ಲಿ. ಸುಮಾರು ಮೂರು ಕೋಟಿ ಯಂತ್ರ ಮಾರಾಟವಾದವು. ಕೊನೆಗೆ 1992ರ ಜನವರಿ 1ಕ್ಕೆ ಕಂಪನಿಯೇ "ಇನ್ನು ಸಾಕು" ಅಂತ ಕೈತೊಳೆದುಕೊಂಡಿತು. ಮಧ್ಯೆ, 1983ರಲ್ಲಿ, ಮಾರಾಟವಾಗದ ಕ್ಯಾಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತ ಕಥೆ ನೀವು ಕೇಳಿರಬಹುದು. ಅದನ್ನು ಎಲ್ಲರೂ ಹೇಳುತ್ತಾರೆ, ನನಗಂತೂ ಕೇಳಿ ಕೇಳಿ ಬೇಜಾರಾಗಿದೆ.

ನಾನು ಆ ಯಂತ್ರವನ್ನು ಕಣ್ಣಲ್ಲಿ ನೋಡಿಲ್ಲ. ಹಾಸನದಲ್ಲಿ ತೊಂಬತ್ತರ ದಶಕದಲ್ಲಿ ನಮ್ಮ ಪಾಲಿಗೆ ಬಂದದ್ದು 'ಟಿವಿ ಗೇಮ್'. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಯಂತ್ರದ ನಕಲು. ಹಳದಿ ಬಣ್ಣದ ಕ್ಯಾಸೆಟ್ಟು, ಮೇಲೆ '9999999 ಇನ್ 1' ಅಂತ ಚೀಟಿ, ಒಳಗೆ ತಿರುಗಿಸಿ ಮುರುಗಿಸಿ ಅದೇ ಐದಾರು ಗೇಮು. ಕ್ಯಾಟ್ರಿಡ್ಜ್ ಅನ್ನೋ ಪದ ಯಾರಿಗೆ ಗೊತ್ತಿತ್ತು? ಕ್ಯಾಸೆಟ್ ಅಂತಲೇ ಅನ್ನುತ್ತಿದ್ದೆವು. ಓಡದಿದ್ದರೆ ಉಫ್ ಅಂತ ಊದಿ ಮತ್ತೆ ಹಾಕುವುದು. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಆ ಟಿವಿ ಗೇಮಿನ ಮಿದುಳೂ ಅಟಾರಿಯ ಮಿದುಳೂ ದಾಯಾದಿಗಳು, ಎರಡೂ 6502 ಪ್ರೊಸೆಸರ್‌ನ ಮನೆತನ. ಮೆಮೊರಿ ಮಾತ್ರ ನಮ್ಮದರಲ್ಲಿ 2 ಕೆಬಿ ಇತ್ತು. ಅಟಾರಿಯಲ್ಲಿ 128 ಬೈಟ್. ಕೆಬಿ ಅಲ್ಲ ಸ್ವಾಮಿ, ಬೈಟ್. ಈಗಿನ ಕಂಪ್ಯೂಟರಿನಲ್ಲಿ ಒಂದು ಕನ್ನಡ ಅಕ್ಷರಕ್ಕೆ, ಕೊಂಬು ದೀರ್ಘಕ್ಕೆಲ್ಲ ಬೇರೆ ಬೇರೆ ಸೇರಿಸಿ, ತಲಾ 3 ಬೈಟ್ ಹೋಗುತ್ತೆ. 'ಚೌಕಾಬಾರ' ಅಂತ ಬರೆದರೆ 21 ಬೈಟ್. ಆರು ಸಲ ಬರೆದರೆ ಅಟಾರಿಯ ಮೆಮೊರಿ ಖಾಲಿ.

ಇಂಥ ಯಂತ್ರಕ್ಕೆ ಈಗಲೂ ಜನ ಗೇಮ್ ಬರೆಯುತ್ತಾರೆ. ಹೋಮ್‌ಬ್ರೂ ಅಂತಾರೆ, ಅಂದರೆ ಮನೆಯಲ್ಲೇ ಕೂತು ಮಾಡಿದ ಗೇಮು, ಯಾವ ಕಂಪನಿಯೂ ಹೇಳಿಲ್ಲ, ಯಾರೂ ಕೇಳಿಲ್ಲ. ನನಗೆ ಇದರ ಹುಚ್ಚು ಹತ್ತಿಸಿದ್ದು ಗೇಮಿಗಿಂತ ಮೊದಲು ಪತ್ರಿಕೆಗಳು.

1990ರ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ನಿಂಟೆಂಡೊ ಬಿಟ್ಟರೆ ಬೇರೆ ಮಾತಿಲ್ಲ. ಬಣ್ಣದ ದೊಡ್ಡ ಪತ್ರಿಕೆಗಳಿಗೆ ಹಳೇ ಅಟಾರಿ ಬೇಕಿರಲಿಲ್ಲ. ಆಗ ಕೆಲವು ಅಭಿಮಾನಿಗಳು ತಾವೇ ಪತ್ರಿಕೆ ಶುರುಮಾಡಿದರು. 2600 ಕನೆಕ್ಷನ್ ಅನ್ನೋದು ಈ ಒಂದೇ ಯಂತ್ರಕ್ಕೆ ಮೀಸಲು, ಆಮೇಲೆ 1991ರಲ್ಲಿ ಡಿಜಿಟಲ್ ಪ್ರೆಸ್ ಬಂತು. ಟೈಪ್ ಮಾಡು, ಜೆರಾಕ್ಸ್ ಹೊಡೆಸು, ಮಡಚು, ಪಿನ್ ಹೊಡಿ, ಸ್ಟಾಂಪ್ ಅಂಟಿಸಿ ಅಂಚೆಗೆ ಹಾಕು. ನಮ್ಮ ಪಿಯು ಕಾಲೇಜಿನಲ್ಲಿ ಕೈಬರಹದ ಪತ್ರಿಕೆ ತರುತ್ತಿದ್ದವರಿಗೆ ಈ ವಾಸನೆ ಗೊತ್ತಿರುತ್ತೆ. ನಾನೂ ಎರಡು ಸಂಚಿಕೆಗೆ ಮೀಸೆ ಬಿಟ್ಟ ಗಣಪತಿಯ ಚಿತ್ರ ಬರೆದುಕೊಟ್ಟಿದ್ದೆ, ಅದು ಬಿಡಿ.

ಆ ಹಳೇ ಸಂಚಿಕೆಗಳ ಸ್ಕ್ಯಾನ್ ಓದಿದರೆ ಮೊದಲಿಗೆ ನಗು ಬರುತ್ತೆ. ಪುಟಗಟ್ಟಲೆ ಪಟ್ಟಿ. ಯಾರ ಹತ್ತಿರ ಯಾವ ಕ್ಯಾಟ್ರಿಡ್ಜ್ ಇದೆ, ಯಾರಿಗೆ ಯಾವುದು ಬೇಕು. ಆದರೆ ಯೋಚನೆ ಮಾಡಿ, ಈ ಯಂತ್ರಕ್ಕೆ ಒಟ್ಟು ಎಷ್ಟು ಗೇಮ್ ಬಂದಿದ್ದವು ಅಂತ ಯಾರೂ ಒಂದು ಕಡೆ ಬರೆದಿಟ್ಟಿರಲಿಲ್ಲ. ಹಳೇ ಸಾಮಾನಿನ ಅಂಗಡಿ, ಮನೆ ಮುಂದಿನ ಸಂತೆಗಳಲ್ಲಿ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಬರೆದು ಪಟ್ಟಿ ಮಾಡಿದವರು ಇವರೇ. ಡಿಜಿಟಲ್ ಪ್ರೆಸ್‌ನವರು ಯಾವುದು ಎಷ್ಟು ಅಪರೂಪ ಅಂತ 1ರಿಂದ 10ರವರೆಗೆ ಅಂಕ ಕೊಟ್ಟು ದಪ್ಪ ಕೈಪಿಡಿಯನ್ನೇ ತಂದರು. ಅರ್ನಿ ಕ್ಯಾಟ್ಜ್ ಅನ್ನೋ ಹಿರಿಯ ಸಂಪಾದಕರು ತಮ್ಮ ದೊಡ್ಡ ಪತ್ರಿಕೆಯಲ್ಲಿ ಇಂಥ ಜೆರಾಕ್ಸ್ ಪತ್ರಿಕೆಗಳ ವಿಮರ್ಶೆಗೇ ಒಂದು ಅಂಕಣ ಇಟ್ಟಿದ್ದರು. ಡಿಜಿಟಲ್ ಪ್ರೆಸ್ ಶುರುಮಾಡಿದ ಜೋ ಸಾಂಟುಲ್ಲಿ ಮುಂದೆ ಇನ್ನಿಬ್ಬರ ಜೊತೆ ಸೇರಿ 2016ರಲ್ಲಿ ಟೆಕ್ಸಸ್‌ನ ಫ್ರಿಸ್ಕೋ ಊರಲ್ಲಿ ವಿಡಿಯೋ ಗೇಮ್ ಮ್ಯೂಸಿಯಮ್ಮನ್ನೇ ತೆರೆದರು. ಪಿನ್ ಹೊಡೆದ ಕಾಗದದಿಂದ ಮ್ಯೂಸಿಯಂವರೆಗೆ, ಪರವಾಗಿಲ್ಲ ಅಲ್ವಾ?

ಇನ್ನೊಂದು ಕೆಲಸ ಈ ಪತ್ರಿಕೆಗಳು ಮಾಡಿದವು. ಹಳೇ ಗೇಮ್ ಬರೆದವರನ್ನು ಹುಡುಕಿ ಮಾತಾಡಿಸಿದವು. ಅಟಾರಿ ಕಂಪನಿ ತನ್ನ ಪ್ರೋಗ್ರಾಮರ್‌ಗಳ ಹೆಸರನ್ನು ಡಬ್ಬಿ ಮೇಲೆ ಹಾಕುತ್ತಿರಲಿಲ್ಲ. ಅದಕ್ಕೇ ವಾರನ್ ರಾಬಿನೆಟ್ 'ಅಡ್ವೆಂಚರ್' ಗೇಮಿನೊಳಗೆ ಒಂದು ಗುಪ್ತ ಕೋಣೆ ಮಾಡಿ ಅಲ್ಲಿ ತನ್ನ ಹೆಸರು ಬರೆದಿಟ್ಟರು. ಅದಕ್ಕೇ 1979ರಲ್ಲಿ ನಾಲ್ಕು ಜನ ಹೊರಗೆ ಬಂದು ಆಕ್ಟಿವಿಷನ್ ಅನ್ನೋ ಗೇಮ್ ಕಂಪನಿ ಕಟ್ಟಿದ್ದು. ಹೋಮ್‌ಬ್ರೂ ಕ್ಯಾಟ್ರಿಡ್ಜ್‌ಗಳಲ್ಲಿ ಬರೆದವರ ಹೆಸರೇ ಮೊದಲು ಕಾಣೋದು.

ತೊಂಬತ್ತರ ದಶಕದ ನಡುವಿನಲ್ಲಿ ಎಡ್ ಫೆಡರ್‌ಮೇಯರ್ ಅನ್ನೋರು ಎಡ್‌ಟ್ರಿಸ್ ಅಂತ ಒಂದು ಗೇಮ್ ಬರೆದು ಮಾರಿದರು. ಮೇಲಿಂದ ಇಟ್ಟಿಗೆ ಬೀಳೋ ಆಟ. ಎಡ್ ಬರೆದ ಟೆಟ್ರಿಸ್ ಅಂತ ಹೆಸರು ನೋಡಿದರೇ ಗೊತ್ತಾಗುತ್ತೆ. ಹೋಮ್‌ಬ್ರೂ ಅನ್ನೋದಕ್ಕೆ ಅಲ್ಲಿಂದಲೇ ಲೆಕ್ಕ ಹಾಕೋರು ಜಾಸ್ತಿ. ಆಗ ಹೊಸ ಕ್ಯಾಟ್ರಿಡ್ಜ್ ಡಬ್ಬಿ ಎಲ್ಲಿಂದ ಬರಬೇಕು? ಎಲ್ಲರ ಮನೆಯಲ್ಲೂ ಬಿದ್ದಿರೋ ಹಳೇ ಗೇಮನ್ನು ಬಿಚ್ಚಿ, ಒಳಗಿನ ಚಿಪ್ ಕಿತ್ತು, ತಮ್ಮ ಚಿಪ್ ಬೆಸುಗೆ ಹಾಕಿ, ಹೊಸ ಚೀಟಿ ಅಂಟಿಸುವುದು. 2005ರಲ್ಲಿ ಬಟಾರಿ ಬೇಸಿಕ್ ಅನ್ನೋ ಸುಲಭದ ಭಾಷೆ ಬಂದ ಮೇಲೆ ಅಸೆಂಬ್ಲಿ ಗೊತ್ತಿಲ್ಲದವರೂ ಕೈಹಾಕಿದರು. 2010ರಲ್ಲಿ ಎಡ್ ಫ್ರೈಸ್ 'ಹೇಲೋ 2600' ಬರೆದರು. ಇವರು ಮೈಕ್ರೋಸಾಫ್ಟ್‌ನಲ್ಲಿ ಎಕ್ಸ್‌ಬಾಕ್ಸ್ ಗೇಮುಗಳ ಉಸ್ತುವಾರಿ ನೋಡಿಕೊಂಡಿದ್ದ ಮನುಷ್ಯ, ಅಲ್ಲಿನ 'ಹೇಲೋ' ಅನ್ನೋ ಭಾರಿ ಗೇಮನ್ನು ತಂದು 4 ಕೆಬಿಗೆ ತುಂಬಿಸಿದರು. ಅದು ಈಗ ಅಮೆರಿಕದ ಸ್ಮಿತ್ಸೋನಿಯನ್ ಕಲಾ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 2023ರಲ್ಲಿ ಅಟಾರಿ ಹೆಸರಿನ ಈಗಿನ ಕಂಪನಿ, ಹೋಮ್‌ಬ್ರೂ ಮಾರುತ್ತಿದ್ದ ಅಟಾರಿಏಜ್ ಅನ್ನೋ ಅಭಿಮಾನಿಗಳ ಅಡ್ಡಾವನ್ನೇ ಕೊಂಡುಕೊಂಡಿತು. ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ಅಂತ ನಾನು ಇನ್ನೂ ತೀರ್ಮಾನ ಮಾಡಿಲ್ಲ.

ನಾನು ಹಗಲು ಹೊತ್ತು ಒಂದು ಕಂಪನಿಯಲ್ಲಿ ಮೊಬೈಲ್ ಆ್ಯಪ್ ಬರೆಯುತ್ತೇನೆ. ಹೋದ ವರ್ಷ ಕಲಿತದ್ದು ಈ ವರ್ಷ ನಡೆಯಲ್ಲ. ಶುಕ್ರವಾರ ಸರಿಯಾಗಿ ಓಡುತ್ತಿದ್ದದ್ದು ಸೋಮವಾರ ಓಡಲ್ಲ, ಯಾಕಂದ್ರೆ ಮಧ್ಯೆ ಯಾರೋ ಎಲ್ಲೋ ಏನೋ ಅಪ್‌ಡೇಟ್ ಮಾಡಿದ್ದಾರೆ. ಎರಡು ವರ್ಷ ಹಳೇ ಉತ್ತರ ಸಿಕ್ಕಿದರೆ ಅದನ್ನು ಓದಬಾರದು ಅಂತ ನಮಗೆ ಅಭ್ಯಾಸವೇ ಆಗಿದೆ. ಅಟಾರಿಗೆ ಯಾರೂ ಅಪ್‌ಡೇಟ್ ಕೊಡಲ್ಲ. ನನ್ನ ಗೆರೆ ನಡುಗಿದಾಗ ಅದಕ್ಕೆ ಉತ್ತರ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ ಯಾರೋ ಬರೆದಿಟ್ಟ ಟಿಪ್ಪಣಿಯಲ್ಲಿ, ಅದರ ಒಂದಕ್ಷರವೂ ಹಳಸಿಲ್ಲ. ಕಂಪನಿ ಕೈಬಿಟ್ಟಿದ್ದೇ ಒಳ್ಳೇದಾಯ್ತು ಅನ್ನಿಸುವುದು ಇಂಥ ರಾತ್ರಿಗಳಲ್ಲಿ.

ಈಗ ಆ 76ರ ವಿಷಯ. ಈಗಿನ ಯಂತ್ರಗಳಲ್ಲಿ ಇಡೀ ಚಿತ್ರ ಮೆಮೊರಿಯಲ್ಲಿ ಇರುತ್ತೆ. ಅಟಾರಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಟಿವಿಯ ಕಿರಣ ಎಡದಿಂದ ಬಲಕ್ಕೆ ಒಂದೊಂದೇ ಸಾಲು ಎಳೆಯುತ್ತಾ ಹೋಗುವಾಗ, ನಿಮ್ಮ ಪ್ರೋಗ್ರಾಂ ಅದರ ಜೊತೆಗೇ ಓಡುತ್ತಾ "ಈಗ ಈ ಬಣ್ಣ, ಈಗ ಈ ಆಕಾರ" ಅಂತ ಹೇಳುತ್ತಿರಬೇಕು. ರಂಗೋಲಿ ಹಾಕುವವರ ಪಕ್ಕದಲ್ಲಿ ಕೂತು ಬಟ್ಟಲು ಚಾಚಿದ ಹಾಗೆ, ಕೈ ಬರುವ ಮುಂಚೆ ಪುಡಿ ಸಿದ್ಧ ಇರಬೇಕು. ಒಂದು ಸಾಲಿಗೆ ಸಿಗುವುದು 76 ಸೈಕಲ್. ಒಂದು ಸಂಖ್ಯೆ ಎತ್ತಿಕೊಳ್ಳೋಕೆ ಕನಿಷ್ಠ 2, ಇಡೋಕೆ 3. ಅಂದರೆ ಹದಿನೈದು ಸಲ ಎತ್ತಿಟ್ಟರೆ ಸಾಲು ಮುಗೀತು. ಫ್ರೇಮಿಗೆ, ಅಂದರೆ ಒಂದು ಪೂರ್ತಿ ಚಿತ್ರಕ್ಕೆ, 262 ಸಾಲು. ನೀವು ತಡ ಮಾಡಿದರೆ ಒಂದು ಸಾಲು ಹೆಚ್ಚಾಗುತ್ತೆ. ನನ್ನದರಲ್ಲಿ ಒಂದು ಫ್ರೇಮ್ 262, ಮುಂದಿನದು 263, ಮತ್ತೆ 262. ಅದನ್ನೇ ಅಮ್ಮ ನೋಡಿದ್ದು.

ನನಗೆ ತುಂಬಾ ಇಷ್ಟವಾದದ್ದು ಕಾಯಿಯನ್ನು ಅಡ್ಡಕ್ಕೆ ಸರಿಯಾದ ಜಾಗದಲ್ಲಿ ಕೂರಿಸುವ ಉಪಾಯ. 'ಎಡದಿಂದ 70ನೇ ಚುಕ್ಕೆಯಲ್ಲಿ ಇಡು' ಅಂತ ಹೇಳೋಕೆ ಈ ಯಂತ್ರದಲ್ಲಿ ದಾರಿಯೇ ಇಲ್ಲ. ಕಿರಣ ಅಲ್ಲಿಗೆ ಬಂದ ಕ್ಷಣಕ್ಕೆ "ಇಲ್ಲಿ!" ಅನ್ನಬೇಕು. ಅಲ್ಲಿಯವರೆಗೆ ಕಾಯೋದು ಹೇಗೆ? ಒಂದು ಸೈಕಲ್‌ನಲ್ಲಿ ಕಿರಣ 3 ಚುಕ್ಕೆ ಮುಂದೆ ಹೋಗುತ್ತೆ. 15 ಕಳೆದು, ಇನ್ನೂ ಉಳಿದಿದೆಯಾ ನೋಡಿ, ವಾಪಸ್ ಹೋಗುವ ಒಂದು ಸುತ್ತಿಗೆ 5 ಸೈಕಲ್, ಅಂದರೆ ಸರಿಯಾಗಿ 15 ಚುಕ್ಕೆ. ಹಾಗಾಗಿ ನಿಮ್ಮ ಸಂಖ್ಯೆಯಿಂದ 15, 15, 15 ಅಂತ ಕಳೆಯುತ್ತಾ ಹೋಗಿ. ಲೆಕ್ಕ ಮುಗಿಯುವ ಹೊತ್ತಿಗೆ ಕಿರಣ ತಾನೇ ಆ ಜಾಗಕ್ಕೆ ಬಂದಿರುತ್ತೆ. ಉಳಿದ ಶೇಷಕ್ಕೆ ಆಚೀಚೆ ಸ್ವಲ್ಪ ಸರಿಸುವ ಬೇರೆ ಸೌಲಭ್ಯ ಇದೆ. ಭಾಗಾಕಾರ ಮಾಡೋಕೆ ಹಿಡಿಯುವ ಸಮಯವೇ ಉತ್ತರ! ಇದು ಅರ್ಥವಾದ ರಾತ್ರಿ ನಾನು ಅಡುಗೆಮನೆಗೆ ಹೋಗಿ ಸುಮ್ನೆ ನೀರು ಕುಡಿದು ಬಂದೆ.

ಚೌಕಾಬಾರ ಯಾಕೆ ಆರಿಸಿಕೊಂಡೆ ಅಂದರೆ ಅದು ಈ ಯಂತ್ರಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹಿನ್ನೆಲೆ ಚಿತ್ರಕ್ಕೆ ಸಿಗುವುದು ಅಗಲಕ್ಕೆ 40 ಇಟ್ಟಿಗೆ, ಅದರಲ್ಲೂ ನೀವು ಹೇಳುವುದು 20 ಮಾತ್ರ, ಉಳಿದ ಅರ್ಧವನ್ನು ಯಂತ್ರವೇ ಕನ್ನಡಿ ಹಿಡಿದ ಹಾಗೆ ಬರೆದುಕೊಳ್ಳುತ್ತೆ. ನಮ್ಮ ಐದು ಮನೆ ಐದು ಮನೆ ಚೌಕ ಎರಡೂ ಕಡೆ ಒಂದೇ ಸಮ, ಕಟ್ಟೆಗಳೂ ಸಮ. ಮನೆಗೆ 8 ಇಟ್ಟಿಗೆ. ಗೋಡೆಗೆ ಹೋಗಿ ಉಳಿದದ್ದು 7, ನಡುವಿನ ಸಾಲಿಗೆ ಮಾತ್ರ 6. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ, ಅಮ್ಮ ನೋಡಿದ ತಕ್ಷಣ "ನಡುವಿನ ಮನೆ ಯಾಕೋ ಇಕ್ಕಟ್ಟು" ಅಂದಳು.

ಕಾಯಿಗಳದ್ದೇ ಕಷ್ಟ. ನಾಲ್ಕು ಜನ ಆಡಿದರೆ 16 ಕಾಯಿ, ಯಂತ್ರದಲ್ಲಿ ಆಕಾರ ಇರೋ ಗೊಂಬೆ ಎರಡೇ ಎರಡು. ಆಟಗಾರರನ್ನು ಇಬ್ಬರಿಗೆ ಇಳಿಸಿದೆ, ಒಬ್ಬೊಬ್ಬರಿಗೆ ಒಂದು ಗೊಂಬೆ. ಒಂದು ಗೊಂಬೆಯನ್ನು ಅದೇ ಸಾಲಿನಲ್ಲಿ ಮೂರು ಸಲ ತೋರಿಸಬಹುದು, ನಡುವೆ 32 ಚುಕ್ಕೆ ಅಂತರ ಇಟ್ಟು. ನನ್ನ ಮನೆಯಿಂದ ಮನೆಗೆ ಎಷ್ಟು? 32. ಇದು ನನ್ನ ಜಾಣತನ ಅಲ್ಲ, ಬರೀ ಅದೃಷ್ಟ. ಕಾಯಿಗಳು ಒಂದೇ ಸಾಲಿನ ಒಂದನೇ ಮತ್ತು ನಾಲ್ಕನೇ ಮನೆಯಲ್ಲಿ ನಿಂತರೆ ಈ ಉಪಾಯ ನಡೆಯಲ್ಲ. ಆಗ ಒಂದು ಫ್ರೇಮಿನಲ್ಲಿ ಒಂದು, ಮುಂದಿನದರಲ್ಲಿ ಇನ್ನೊಂದು. ಸ್ವಲ್ಪ ಮಿಣುಕುತ್ತೆ. ಮಿಣುಕಲಿ.

ಕವಡೆ ಬರೆಯೋದು ಸುಲಭ ಅಂದುಕೊಂಡಿದ್ದೆ. ನಾಲ್ಕು ಕವಡೆ, ನಾಲ್ಕು ಬಿಟ್, ಒಂದೊಂದು ಬಿಟ್ಟೂ ಸೊನ್ನೆ ಇಲ್ಲವೇ ಒಂದು. ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು ಅದರ ಕೊನೆಯ ನಾಲ್ಕು ಬಿಟ್‌ನಲ್ಲಿ ಎಷ್ಟು ಒಂದು ಇವೆ ಅಂತ ಎಣಿಸು. ನಾಲ್ಕೂ ಒಂದಾದರೆ ಚೌಕ. ನಾಲ್ಕೂ ಸೊನ್ನೆಯಾದರೆ ಬಾರ, 8 ಮನೆ. ಎರಡಕ್ಕೂ ಇನ್ನೊಂದು ಸಲ ಹಾಕೋ ಅವಕಾಶ. ಹತ್ತು ಸಾಲಿನ ಕೋಡ್. ಬಹಳ ಹೆಮ್ಮೆಪಟ್ಟುಕೊಂಡೆ.

ಅಮ್ಮನ ಕೈಗೆ ಕೊಟ್ಟೆ. ಕಾಲು ಗಂಟೆ ಆಡಿದಳು.

"ಇದರಲ್ಲಿ ಎರಡು ಬಿಟ್ಟು ಬೇರೇನೂ ಬೀಳಲ್ವೇನೋ?"

ಹದಿನಾರರಲ್ಲಿ ಆರು ಸಲ ಎರಡು, ಒಂದೇ ಒಂದು ಸಲ ಚೌಕ, ಒಂದೇ ಸಲ ಬಾರ, ಲೆಕ್ಕ ಸರಿಯಾಗೇ ಇದೆ ಅಂತ ವಿವರಿಸಿದೆ. ಅಮ್ಮ ಕೇಳಿಸಿಕೊಂಡು, ತನ್ನ ಬ್ಯಾಗಿನಿಂದ ಒಂದು ಬಟ್ಟೆ ಗಂಟು ತೆಗೆದಳು. ಊರಿಂದ ಬರುವಾಗ ಕವಡೆ ಯಾಕೆ ತಂದಿದ್ದಳೋ. "ನೋಡು, ಇದು ನಾಣ್ಯ ಅಲ್ಲ. ಇದಕ್ಕೆ ಬೆನ್ನು ಬೇರೆ, ಹೊಟ್ಟೆ ಬೇರೆ. ಎರಡೂ ಒಂದೇ ಸಮ ಬೀಳುತ್ತೆ ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಹಳೇ ಸಂಚಿಕೆಗಳಲ್ಲಿ ಇದಕ್ಕೆ ಉತ್ತರ ಸಿಗೋ ಹಾಗೂ ಇಲ್ಲ.

ಹಾಗಾಗಿ ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ಕೂತೆವು. ಅಮ್ಮ ಹಾಕುತ್ತಾಳೆ, ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆಯುತ್ತೇನೆ, ನಾಲ್ಕು ಉದ್ದ ಒಂದು ಅಡ್ಡ. ಸರಿಯಾದ ಲೆಕ್ಕ ಸಿಕ್ಕರೆ ಒಂದು ಸಣ್ಣ ಕೋಷ್ಟಕ ಮಾಡಿ ಕ್ಯಾಟ್ರಿಡ್ಜ್‌ನ ಕೊನೆಯಲ್ಲಿ ತುರುಕಬಹುದು, 16 ಬೈಟ್ ಸಾಕು. ನಡುವೆ ಒಂದು ಬಾರ ಬಿತ್ತು. "ಇನ್ನೊಂದ್ಸಲ ನಂದೇ" ಅಂತ ಕವಡೆ ಬಾಚಿಕೊಂಡಳು. ಆಟ ಆಡ್ತಿಲ್ಲ ಅಮ್ಮ, ಎಣಿಸ್ತಾ ಇದೀವಿ ಅಂದೆ. ಕೇಳಿಸಿಕೊಳ್ಳಲಿಲ್ಲ.