ಅಪ್ಪನ ಕಂಪ್ಯೂಟರಿಗೆ ಮತ್ತೆ ಮತ್ತೆ ಬಂದ ಸ್ಪೈವೇರ್

"ಹುಡುಕೋದೊಂದು, ಸಿಗೋದೊಂದು ಆಗ್ತಿದೆ ಕಣಮ್ಮ" ಅಂತ ಅಪ್ಪ ಹೇಳಿ ಎರಡು ವಾರ ಆಗಿತ್ತು. ಆಮೇಲೆ ನೋಡೋಣ ಅಂದಿದ್ದೆ. ಆ ಎರಡು ವಾರಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಅಷ್ಟೂ ದಿನ ಅಪ್ಪ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಖಾತೆ ನೋಡಿದ್ದರು, ಮೇಲ್ ಓದಿದ್ದರು, ತಮ್ಮ ರಕ್ತಪರೀಕ್ಷೆಯ ರಿಪೋರ್ಟ್ ಇಳಿಸಿಕೊಂಡಿದ್ದರು.

ಒಂದು ಭಾನುವಾರ ಕೂತು ನೋಡಿದೆ. ಬ್ರೌಸರಿನಲ್ಲಿ ಏನೇ ಟೈಪ್ ಮಾಡಿದರೂ ಅದು ಬೇರೆ ಎರಡು ವಿಳಾಸಗಳನ್ನು ಹಾದು, ಹೆಸರೇ ಕೇಳಿರದ ಒಂದು ಸರ್ಚ್ ಪುಟಕ್ಕೆ ಹೋಗಿ ನಿಲ್ಲುತ್ತಿತ್ತು. ಎಲ್ಲಾ ಮುಚ್ಚಿಟ್ಟರೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮ್‌ಗಳ, ಅಂದರೆ ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ನಾವ್ಯಾರೂ ಹಾಕದ ಒಂದು ಕೂತಿತ್ತು. ಎಲ್ಲಾ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಡೇಟಾ ಓದಲು ಮತ್ತು ಬದಲಾಯಿಸಲು ಅದಕ್ಕೆ ಅನುಮತಿ ಇದೆ ಅಂತ ಅದರ ವಿವರದಲ್ಲಿ ಬರೆದಿತ್ತು. ಎಲ್ಲಾ ಅಂದರೆ ಬ್ಯಾಂಕಿನ ಪುಟವೂ ಸೇರಿತಲ್ವಾ.

ತೆಗೆದೆ. ಮುಗೀತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಅಪ್ಪ ಕಂಪ್ಯೂಟರ್ ಹಚ್ಚಿದಾಗ ಅದು ಅಲ್ಲೇ ಇತ್ತು.

ಸ್ಪೈವೇರ್ ಅಂದರೆ ನಮಗೆ ಗೊತ್ತಿಲ್ಲದೆ ನಮ್ಮ ಮೇಲೆ ಕಣ್ಣಿಡುವ ಪ್ರೋಗ್ರಾಮ್. ಇಂಥವು ಒಂಟಿಯಾಗಿ ಬರುವುದಿಲ್ಲ. ಕಣ್ಣಿಗೆ ಬೀಳುವುದು ಒಂದಾದರೆ, ಅದನ್ನು ತೆಗೆದಾಗ ಮತ್ತೆ ತಂದು ಕೂರಿಸುವುದು ಇನ್ನೊಂದು. ಕಾಣುವುದನ್ನು ಅಳಿಸುವುದು ಸುಲಭ. ತಂದು ಕೂರಿಸುವುದು ಎಲ್ಲಿದೆ ಅಂತ ಹುಡುಕುವುದೇ ನಿಜವಾದ ಕೆಲಸ. ಇದು ಗೊತ್ತಾಗಲು ನನಗೆ ಹತ್ತು ದಿನ ಬೇಕಾಯಿತು.

ಎರಡನೇ ಸಲ ಸ್ವಲ್ಪ ಕ್ರಮವಾಗಿ ಹೋದೆ. ಮೊದಲು ವೈಫೈ ಆಫ್ ಮಾಡಿದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಮ್‌ಗಳ ಪಟ್ಟಿ ತೆಗೆದು, ಹೆಸರಿನ ಬದಲು ದಿನಾಂಕದ ಪ್ರಕಾರ ಜೋಡಿಸಿದೆ. ಹೆಸರಿನ ಪ್ರಕಾರ ನೋಡಿದರೆ ಎಲ್ಲವೂ ಸಾಚಾ ಅನ್ನಿಸುತ್ತವೆ. ದಿನಾಂಕ ನೋಡಿದ ತಕ್ಷಣ ವಿಷಯ ಬಯಲಾಯಿತು. ಒಂದೇ ದಿನ ನಾಲ್ಕು ಪ್ರೋಗ್ರಾಮ್‌ಗಳು ಬಂದಿದ್ದವು. ಅದರಲ್ಲಿ ಒಂದು ಅಪ್ಪ ತಾವೇ ಹಾಕಿಕೊಂಡದ್ದು, ಪಿಡಿಎಫ್ ಫೈಲನ್ನು ವರ್ಡ್‌ಗೆ ಬದಲಾಯಿಸುವ ಉಚಿತ ಸಾಫ್ಟ್‌ವೇರ್. ಉಳಿದ ಮೂರು ಅದರ ಜೊತೆ ಬಂದವು. ನಾಲ್ಕನ್ನೂ ತೆಗೆದೆ. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ. ಹಾಗಾಗಿ ಬಚ್ಚಿಟ್ಟುಕೊಳ್ಳುವ ಪ್ರೋಗ್ರಾಮ್‌ಗಳು ಆಗ ಇನ್ನೂ ಎದ್ದಿರುವುದಿಲ್ಲ. ಸುಮಾರು 15 ನಿಮಿಷ ಹಿಡಿಯುತ್ತದೆ. ಎರಡು ಫೈಲ್ ಸಿಕ್ಕವು.

ವೈಫೈ ಮತ್ತೆ ಹಾಕಿದರೆ ಒಂದು ಪುಟವೂ ತೆರೆಯಲಿಲ್ಲ. ವೈಫೈ ಸರಿ ಇದೆ, ಫೋನಿನಲ್ಲಿ ಬರುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಪ್ರಾಕ್ಸಿ ಸೆಟ್ಟಿಂಗ್, ಅಂದರೆ ಇಂಟರ್ನೆಟ್ಟಿಗೆ ಮಧ್ಯೆ ಯಾವ ವಿಳಾಸದ ಮೂಲಕ ಹೋಗಬೇಕು ಅನ್ನುವ ಸೆಟ್ಟಿಂಗ್ ನೋಡಿದೆ. ಅಲ್ಲಿ 127.0.0.1 ಅಂತಿತ್ತು. ಅಂದರೆ ಕಂಪ್ಯೂಟರಿನದೇ ವಿಳಾಸ. ನಮ್ಮ ಬ್ರೌಸರಿನಿಂದ ಹೊರಡುವ ಪ್ರತಿಯೊಂದೂ ಮೊದಲು ನಾನು ತೆಗೆದ ಪ್ರೋಗ್ರಾಮ್‌ಗಳಲ್ಲಿ ಒಂದರ ಕೈಗೆ ಹೋಗಿ, ಅದು ನೋಡಿದ ಮೇಲೆ ಹೊರಗೆ ಹೋಗುತ್ತಿತ್ತು. ಈಗ ಪ್ರೋಗ್ರಾಮ್ ಇಲ್ಲ, ದಾರಿ ಮಾತ್ರ ಉಳಿದಿತ್ತು. ಪ್ರಾಕ್ಸಿ ಆಫ್ ಮಾಡಿದೆ, ಇಂಟರ್ನೆಟ್ ಬಂತು. ಸ್ಪೈವೇರ್ ತೆಗೆದ ಮೇಲೆ ಇಂಟರ್ನೆಟ್ ನಿಂತರೆ ಮೊದಲು ಇಲ್ಲಿ ನೋಡಿ. ಎಷ್ಟೋ ಜನ ಇದರಿಂದ ಹೆದರಿ, ತೆಗೆದದ್ದನ್ನೇ ವಾಪಸ್ ಹಾಕಿಬಿಡುತ್ತಾರೆ.

ಮೂರು ದಿನ ಸುಮ್ಮನಿತ್ತು. ನಾಲ್ಕನೇ ದಿನ ಮತ್ತೆ ಅದೇ ಸರ್ಚ್ ಪುಟ.

ಈ ಸಲ ಆಟೋರನ್ಸ್ ತಂದೆ. ಇದು ವಿಂಡೋಸ್‌ಗೆ ಟೂಲ್‌ಗಳನ್ನು ಮಾಡುತ್ತಿದ್ದ ಸಿಸ್‌ಇಂಟರ್ನಲ್ಸ್‌ನ ಉಚಿತ ಟೂಲ್. 2006ರಲ್ಲಿ ಸಿಸ್‌ಇಂಟರ್ನಲ್ಸನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗ ಅವರ ಸೈಟಿನಲ್ಲೇ ಸಿಗುತ್ತದೆ. ಸಿಸ್‌ಇಂಟರ್ನಲ್ಸ್ ಕಟ್ಟಿದವರಲ್ಲಿ ಒಬ್ಬರಾದ ಮಾರ್ಕ್ ರಸ್ಸಿನೋವಿಚ್ ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಸೋನಿ ಬಿಎಂಜಿಯ ಸಂಗೀತ ಸಿಡಿಗಳು ಕಂಪ್ಯೂಟರಿನೊಳಗೆ ಗುಟ್ಟಾಗಿ ಸಾಫ್ಟ್‌ವೇರ್ ಅಡಗಿಸಿಡುತ್ತಿದ್ದುದನ್ನು 2005ರಲ್ಲಿ ಬಯಲಿಗೆ ತಂದವರು ಅವರೇ. ವಿಂಡೋಸ್ ಶುರುವಾಗುವಾಗ ತಾನಾಗಿ ಏಳುವುದನ್ನೆಲ್ಲಾ ಆಟೋರನ್ಸ್ ಒಂದೇ ಕಡೆ ತೋರಿಸುತ್ತದೆ. ಪಟ್ಟಿ ಬಹಳ ಉದ್ದ. ಮೈಕ್ರೋಸಾಫ್ಟ್‌ನವನ್ನು ಮರೆಮಾಡುವ ಆಯ್ಕೆ ಹಾಕಿದರೆ ಕೈಗೆ ಸಿಗುವಷ್ಟಾಗುತ್ತದೆ. ಗುಲಾಬಿ ಬಣ್ಣದ ಸಾಲು ಕಂಡರೆ, ಅದನ್ನು ಮಾಡಿದವರು ಯಾರು ಅನ್ನುವುದಕ್ಕೆ ಸರಿಯಾದ ಸಹಿ ಇಲ್ಲ ಅಂತ. ಹಾಗಂತ ಗುಲಾಬಿ ಎಲ್ಲವೂ ಕೆಟ್ಟದ್ದಲ್ಲ. ನಮ್ಮ ಸ್ಕ್ಯಾನರಿನ ಹಳೇ ಸಾಫ್ಟ್‌ವೇರ್ ಕೂಡ ಗುಲಾಬಿಯೇ. ಅನುಮಾನ ಬಂದದ್ದನ್ನು ಅಳಿಸಬೇಡಿ, ಮೊದಲು ಟಿಕ್ ಮಾತ್ರ ತೆಗೆಯಿರಿ. ತಪ್ಪಾದರೆ ವಾಪಸ್ ಹಾಕಬಹುದು.

ಶೆಡ್ಯೂಲ್ಡ್ ಟಾಸ್ಕ್‌ಗಳ, ಅಂದರೆ ನಿಗದಿಯಾದ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಭಾಗದಲ್ಲಿ, ಮತ್ತೆ ತಂದು ಕೂರಿಸುತ್ತಿದ್ದದ್ದು ಸಿಕ್ಕಿತು. ಹೆಸರು ಅಪ್‌ಡೇಟ್ ಅನ್ನುವಂತೆ ಇತ್ತು. ಅಪ್ಪ ಲಾಗಿನ್ ಆದಾಗೊಮ್ಮೆ, ಆಮೇಲೆ ಕೆಲವು ಗಂಟೆಗೊಮ್ಮೆ, ಆ್ಯಪ್‌ಡೇಟಾ ಫೋಲ್ಡರಿನೊಳಗಿದ್ದ ಒಂದು ಚಿಕ್ಕ ಸ್ಕ್ರಿಪ್ಟ್ ಓಡುತ್ತಿತ್ತು. ಎಕ್ಸ್‌ಟೆನ್ಶನ್ ಇದೆಯಾ ಅಂತ ನೋಡುವುದು, ಇಲ್ಲದಿದ್ದರೆ ಇಳಿಸುವುದು, ಅದರ ಕೆಲಸ ಅಷ್ಟೇ. ಬ್ರೌಸರಿನ ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಅಂತ ಒಂದು ಸಾಲು ಇದ್ದದ್ದೂ ಆಗಲೇ ಕಣ್ಣಿಗೆ ಬಿತ್ತು. ಅಪ್ಪ ನಿವೃತ್ತರಾಗಿ ಆರು ವರ್ಷ ಆಯಿತು, ಯಾವ ಸಂಸ್ಥೆ? ಕಚೇರಿಗಳು ತಮ್ಮ ಕಂಪ್ಯೂಟರುಗಳಿಗೆ ನಿಯಮ ಹಾಕಲು ಇರುವ ಪಾಲಿಸಿ ಸೌಲಭ್ಯವನ್ನೇ ಅದು ಈ ಸಲ ಬಳಸಿಕೊಂಡಿತ್ತು. ಪಾಲಿಸಿಯಿಂದ ಬಂದ ಎಕ್ಸ್‌ಟೆನ್ಶನ್‌ಗೆ ತೆಗೆಯುವ ಬಟನ್ನೇ ಕೆಲಸ ಮಾಡುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಆ ಪಾಲಿಸಿಯ ಸಾಲನ್ನು ಅಳಿಸಬೇಕಾಯಿತು.

ಅಷ್ಟಕ್ಕೇ ನಿಲ್ಲಿಸುತ್ತಿದ್ದೆನೇನೋ. ಆದರೆ ಆ ಪ್ರಾಕ್ಸಿ ತಲೆಯಲ್ಲಿ ಕೊರೆಯುತ್ತಿತ್ತು. ಸೈಟುಗಳ ಗುರುತು ಖಚಿತಪಡಿಸುವ ಸರ್ಟಿಫಿಕೇಟ್‌ಗಳ ಪಟ್ಟಿ ತೆರೆದೆ. ಯಾವ ಸೈಟನ್ನು ನಂಬಬೇಕು ಅಂತ ವಿಂಡೋಸ್ ತೀರ್ಮಾನಿಸುವುದು ಟ್ರಸ್ಟೆಡ್ ರೂಟ್ ಅನ್ನುವ ಪಟ್ಟಿಯನ್ನು ನೋಡಿ. ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬಂದ ಆ ಮೂರು ಪ್ರೋಗ್ರಾಮ್‌ಗಳಲ್ಲಿ ಒಂದರ ಹೆಸರು ಅದರಲ್ಲಿತ್ತು.

ಇದರ ಅರ್ಥ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಕೈ ತಣ್ಣಗಾದದ್ದು ಇಲ್ಲೇ. ಬ್ಯಾಂಕಿನ ಪುಟದಲ್ಲಿ ಬೀಗದ ಗುರುತು ಇದ್ದರೆ ಮಧ್ಯೆ ಯಾರೂ ಓದಲಾರರು ಅಂತ ನಂಬುತ್ತೇವೆ. ಆದರೆ ಮಧ್ಯೆ ಕೂತವನ ಸರ್ಟಿಫಿಕೇಟನ್ನೇ ಕಂಪ್ಯೂಟರ್ ನಂಬುತ್ತಿದ್ದರೆ, ಅವನು ಲಕೋಟೆ ಒಡೆದು, ಓದಿ, ತನ್ನ ಮುದ್ರೆ ಒತ್ತಿ ಮುಂದೆ ಕಳಿಸಬಹುದು. ಬೀಗ ಹಾಗೇ ಕಾಣುತ್ತಿರುತ್ತದೆ. ಹೀಗೆ ಓದಿದ್ದಾರೆ ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಓದಲು ಬೇಕಾದ್ದೆಲ್ಲಾ ಅಲ್ಲಿ ಸಿದ್ಧವಾಗಿತ್ತು, ಅಷ್ಟು ಸಾಕು. ಇಷ್ಟು ಆಳಕ್ಕೆ ಇಳಿದದ್ದನ್ನು ಕಂಡ ಮೇಲೆ ಒಂದೊಂದೇ ಕೀಳುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ನಾನು ಹುಡುಕದ ಇನ್ನೊಂದು ಜಾಗ ಇದ್ದೇ ಇರುತ್ತದೆ. ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲು ನಿರ್ಧರಿಸಿದೆ.

ಅದಕ್ಕೂ ಮೊದಲು ಪಾಸ್‌ವರ್ಡ್. ದಯವಿಟ್ಟು ಇದನ್ನು ಅದೇ ಕಂಪ್ಯೂಟರಿನಲ್ಲಿ ಬದಲಾಯಿಸಬೇಡಿ, ಹೊಸದನ್ನೂ ನೀವೇ ಕೈಯಾರೆ ಕೊಟ್ಟ ಹಾಗಾಗುತ್ತದೆ. ನನ್ನ ಫೋನಿನಲ್ಲಿ ಕೂತು ಮೊದಲು ಅಪ್ಪನ ಮೇಲ್ ಬದಲಾಯಿಸಿದೆ, ಬೇರೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ ತಾನೆ. ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಎಲ್ಲಾ ಕಡೆ ‘ಎಲ್ಲಾ ಸಾಧನಗಳಿಂದ ಸೈನ್ ಔಟ್’ ಒತ್ತಿದೆ. ಲಾಗಿನ್ ಆಗಿರುವಾಗ ಬ್ರೌಸರಿನಲ್ಲಿ ಉಳಿಯುವ ಕುಕಿಯನ್ನೇ ಕದ್ದಿದ್ದರೆ, ಕದ್ದವರಿಗೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ. ಎರಡು ಹಂತದ ಪರಿಶೀಲನೆ ಹಾಕಿದೆ. ಬ್ಯಾಂಕಿಗೆ ಫೋನ್ ಮಾಡಿ ವಿಷಯ ತಿಳಿಸಿದೆವು.

ಆಮೇಲಿನದು ಬೇಗ ಮುಗಿಯಿತು. ಫೋಟೋ, ಡಾಕ್ಯುಮೆಂಟ್ ಮಾತ್ರ ಹೊರಗಿನ ಡಿಸ್ಕಿಗೆ ಹಾಕಿಕೊಂಡೆ. ಇನ್‌ಸ್ಟಾಲ್ ಮಾಡುವ ಫೈಲ್ ಒಂದನ್ನೂ ಉಳಿಸಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿ, ಹಳೆಯ ಪಾರ್ಟಿಷನ್‌ಗಳನ್ನೆಲ್ಲಾ ಅಳಿಸಿ ಹೊಸದಾಗಿ ಹಾಕಿದೆ. ಮೊದಲು ವಿಂಡೋಸ್ 10 ಇತ್ತು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಈಗ 11 ಹಾಕಿದೆ.

ಅಪ್ಪ ಬ್ರೌಸರಿಗೆ ತಮ್ಮ ಖಾತೆಯಿಂದ ಲಾಗಿನ್ ಆದರು. ಒಂದು ನಿಮಿಷದಲ್ಲಿ ಅದೇ ಎಕ್ಸ್‌ಟೆನ್ಶನ್ ಬಂದು ಕೂತಿತು.

ಆ ಕ್ಷಣ ನಿಜಕ್ಕೂ ಅಳು ಬಂತು. ಆಮೇಲೆ ಹೊಳೆಯಿತು, ಸಿಂಕ್. ಬುಕ್‌ಮಾರ್ಕ್‌ಗಳ ಜೊತೆ ಎಕ್ಸ್‌ಟೆನ್ಶನ್‌ಗಳ ಪಟ್ಟಿಯೂ ಖಾತೆಯಲ್ಲಿ ಉಳಿದಿರುತ್ತದೆ, ಹೊಸ ಕಂಪ್ಯೂಟರಿಗೆ ಅದೇ ತಂದುಕೊಡುತ್ತದೆ. ಅಪ್ಪ ಆಗಾಗ ಬಳಸುವ ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಅದು ಸೇರಿಕೊಂಡಿತ್ತು! ಎರಡೂ ಕಡೆ ತೆಗೆದು, ಖಾತೆಯಲ್ಲಿದ್ದ ಸಿಂಕ್ ಡೇಟಾ ಪೂರ್ತಿ ಅಳಿಸಿ, ಸಿಂಕ್ ಮತ್ತೆ ಹಾಕುವಾಗ ಎಕ್ಸ್‌ಟೆನ್ಶನ್‌ಗಳ ಟಿಕ್ ತೆಗೆದೆ. ಆಮೇಲೆ ಇವತ್ತಿನವರೆಗೆ ಬಂದಿಲ್ಲ.

ಇದು ನಡೆಯುತ್ತಿದ್ದಷ್ಟೂ ದಿನ ಅಪ್ಪ ತುಂಬಾ ಕುಗ್ಗಿದ್ದರು. "ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ" ಅಂತ ನಾಲ್ಕೈದು ಸಲ ಹೇಳಿದರು. ಆ ಪಿಡಿಎಫ್ ಸಾಫ್ಟ್‌ವೇರಿನ ಇನ್‌ಸ್ಟಾಲರ್ ಅನ್ನು ಆಮೇಲೆ ನೋಡಿದೆ. ಮುಂದೆ ಅನ್ನುವ ಬಟನ್ ದೊಡ್ಡದಾಗಿ ಹಸಿರು, ‘ಶಿಫಾರಸು ಮಾಡಿದ್ದು’ ಅಂತ ಮೊದಲೇ ಟಿಕ್ ಹಾಕಿದೆ. ‘ಕಸ್ಟಮ್’ ಅನ್ನುವುದು ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ. ಮೂರು ಹೆಚ್ಚುವರಿ ಪ್ರೋಗ್ರಾಮ್‌ಗಳು ಕಾಣುವುದು ಅದನ್ನು ಒತ್ತಿದರೆ ಮಾತ್ರ. ಒಬ್ಬ ಮನುಷ್ಯ ನೋಡಬಾರದು ಅಂತಲೇ ಕಟ್ಟಿದ ಪುಟ ಅದು. ಅಪ್ಪನ ತಪ್ಪು ಅದರಲ್ಲಿ ಏನೂ ಇಲ್ಲ, ಹಾಗಂತ ಅವರಿಗೆ ಪುಟ ತೋರಿಸಿಯೇ ಹೇಳಿದೆ. ಮನೆಯ ಹಿರಿಯರಿಗೆ ಇಂಥ ವಿಷಯಕ್ಕೆ ಗದರಬೇಡಿ. ಗದರಿದರೆ ಮುಂದಿನ ಸಲ ಹೇಳುವುದೇ ಇಲ್ಲ, ಆ ಎರಡು ವಾರ ಎರಡು ತಿಂಗಳಾಗುತ್ತದೆ.

ಈಗ ಏನು ಮಾಡಿದ್ದೇನೆ ಅಂದರೆ, ಎಲ್ಲಕ್ಕಿಂತ ಮುಖ್ಯವಾಗಿ, ಅಪ್ಪನ ದಿನನಿತ್ಯದ ಖಾತೆ ಸ್ಟ್ಯಾಂಡರ್ಡ್ ಖಾತೆ. ಅಡ್ಮಿನ್ ಖಾತೆ ಬೇರೆ, ಅದರ ಪಾಸ್‌ವರ್ಡ್ ನನ್ನ ಹತ್ತಿರ. ಇದನ್ನು ಅಪ್ಪನನ್ನು ಕೇಳಿಯೇ ಮಾಡಿದ್ದು, ಕಂಪ್ಯೂಟರ್ ಅವರದು. ಎಲ್ಲರಿಗೂ ಅನ್ವಯವಾಗುವ ಸರ್ಟಿಫಿಕೇಟ್, ಪಾಲಿಸಿ, ಸರ್ವೀಸ್, ಇವನ್ನು ಇಡಲು ಅಡ್ಮಿನ್ ಅನುಮತಿ ಬೇಕು. ಸ್ಟ್ಯಾಂಡರ್ಡ್ ಖಾತೆಯಲ್ಲಿ ಪಾಸ್‌ವರ್ಡ್ ಕೇಳುವ ಪರದೆ ಬಂದೇ ಬರುತ್ತದೆ. ಆದರೂ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಲು ಅದು ಬೇಕಿಲ್ಲ, ಹಾಗಾಗಿ ಆ ಪಟ್ಟಿಯನ್ನು ತಿಂಗಳಿಗೊಮ್ಮೆ ನಾವಿಬ್ಬರೂ ಕೂತು ನೋಡುತ್ತೇವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಒಂದು ಆಯ್ಕೆ ಇದೆ, ರೆಪ್ಯುಟೇಶನ್ ಆಧಾರದ ರಕ್ಷಣೆ ಅನ್ನುವ ಭಾಗದಲ್ಲಿ. ಹಳೆಯದರಲ್ಲಿ ಅದು ಆಫ್ ಆಗಿತ್ತು. ನಿಮ್ಮದನ್ನು ಇವತ್ತೇ ನೋಡಿ. ಜಾಹೀರಾತು ತಡೆಯಲು ಒಂದು ಬ್ಲಾಕರ್ ಹಾಕಿದೆ, ಯಾಕೆಂದರೆ ಸುಳ್ಳು ಡೌನ್‌ಲೋಡ್ ಬಟನ್‌ಗಳಲ್ಲಿ ಜಾಸ್ತಿ ಜಾಹೀರಾತುಗಳೇ. ಎರಡನೇ ಆ್ಯಂಟಿವೈರಸ್ ಹಾಕಲಿಲ್ಲ. ಪಿಡಿಎಫ್ ಅನ್ನು ವರ್ಡೇ ನೇರವಾಗಿ ತೆರೆಯುತ್ತದೆ ಅಂತ ಅಪ್ಪನಿಗೆ ತೋರಿಸಿಕೊಟ್ಟೆ. ಇದೊಂದು ಮೊದಲೇ ಗೊತ್ತಿದ್ದರೆ ಅಷ್ಟೂ ರಗಳೆ ತಪ್ಪುತ್ತಿತ್ತು.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರಿನಲ್ಲಿ ಸ್ಪೈವೇರ್ ಇಟ್ಟವರು ನಿಮಗೆ ಗೊತ್ತಿರುವವರೇ, ನಿಮ್ಮ ಮೇಲೆ ಕಣ್ಣಿಡಲು ಇಟ್ಟಿದ್ದಾರೆ ಅನ್ನುವ ಅನುಮಾನ ಇದ್ದರೆ, ನಾನು ಮಾಡಿದ ಹಾಗೆ ಕೂಡಲೇ ಕೀಳಬೇಡಿ. ತೆಗೆದ ತಕ್ಷಣ ಅವರಿಗೆ ತಿಳಿಯಬಹುದು, ಸಾಕ್ಷಿಯೂ ಹೋಗಬಹುದು. ಅವರ ಕೈಗೆ ಸಿಗದ ಬೇರೆ ಫೋನಿನಿಂದ, ನಂಬುವ ಒಬ್ಬರ ಹತ್ತಿರ ಮೊದಲು ಮಾತಾಡಿ.

ಹೋದ ವಾರ ನಾನು ಹೊರಗಿದ್ದಾಗ ಅಪ್ಪನಿಂದ ಒಂದು ಫೋಟೋ ಬಂತು. ಪಾಸ್‌ವರ್ಡ್ ಕೇಳುವ ಪರದೆ. ಕೆಳಗೆ "ಇದು ಯಾವುದಮ್ಮ? ನಾನು ಏನೂ ಒತ್ತಿಲ್ಲ" ಅಂತ ಬರೆದಿದ್ದರು. ಪ್ರಿಂಟರ್ ತಯಾರಕರದೇ ಅಪ್‌ಡೇಟ್ ಅದು, ಹೆಸರು ಸರಿಯಾಗಿತ್ತು. ಸಂಜೆ ಮನೆಗೆ ಹೋಗಿ ಪಾಸ್‌ವರ್ಡ್ ಹಾಕಿಕೊಟ್ಟೆ.