ಉಯಿಲು ಮಾತ್ರ ಬರೆದಿಟ್ಟರೆ ಸಾಲದು

ಆಸ್ತಿಯ ವಿಲೇವಾರಿಯ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರ ಯೋಚನೆ ಉಯಿಲಿನಿಂದ ಆರಂಭವಾಗಿ ಉಯಿಲಿನಲ್ಲೇ ಮುಗಿಯುತ್ತದೆ. ಆದರೆ ಉಯಿಲು ಜಾರಿಗೆ ಬರುವುದು ಅದನ್ನು ಬರೆದವರು ಕಣ್ಮುಚ್ಚಿದ ಮೇಲೆ. ಪಾರ್ಶ್ವವಾಯುವೋ, ಮರೆವಿನ ಕಾಯಿಲೆಯೋ, ತಲೆಗೆ ಬಿದ್ದ ಪೆಟ್ಟೋ ವಿವೇಚನೆಯನ್ನು ಕಸಿದುಕೊಂಡ ಮೇಲೂ ಮನುಷ್ಯ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರಬಹುದು. ಆ ಅವಧಿಗೆ ಉಯಿಲಿನ ಒಂದಕ್ಷರವೂ ಅನ್ವಯಿಸುವುದಿಲ್ಲ. ಮನೆಯ ಹಿರಿಯರ ಕಾಗದಪತ್ರಗಳನ್ನು ಒಪ್ಪವಾಗಿಡುವ ಹೊಣೆ ನನ್ನ ಪಾಲಿಗೆ ಬಂದಂದಿನಿಂದ ಈ ಅವಧಿಯ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಭಾರತದ ಕಾನೂನಿನಲ್ಲಿ ಇದಕ್ಕೆ ಏನು ದಾರಿಯಿದೆ ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಉಯಿಲಿನ ವಿಧಿ ಜನ ಅಂದುಕೊಂಡಷ್ಟು ಜಟಿಲವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನ ಪ್ರಕಾರ, ಬರೆಸಿದವರು ಸಹಿ ಮಾಡಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿಯನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಅದು ತಮ್ಮದೇ ಸಹಿಯೆಂದು ಬರೆಸಿದವರು ಒಪ್ಪಿಕೊಂಡದ್ದನ್ನು ಕೇಳಿರಬೇಕು. ನಂತರ ಬರೆಸಿದವರ ಸಮಕ್ಷಮದಲ್ಲೇ ತಾವೂ ಸಹಿ ಹಾಕಬೇಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಂದಣಿ ಮಾಡಿಸುವುದೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೂಲಪ್ರತಿ ಕಾಣೆಯಾದರೂ ಉಪನೋಂದಣಿ ಕಚೇರಿಯಲ್ಲಿ ಅದರ ದಾಖಲೆ ಉಳಿದಿರುತ್ತದೆ. ಮುಸ್ಲಿಮರಿಗೆ ಈ ಕಲಮು ಅನ್ವಯಿಸುವುದಿಲ್ಲ. ಅವರ ವೈಯಕ್ತಿಕ ಕಾನೂನಿನಂತೆ ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡಲು ವಾರಸುದಾರರ ಒಪ್ಪಿಗೆ ಬೇಕು.

ಸಾಕ್ಷಿಗಳ ಆಯ್ಕೆಯಲ್ಲಿ ಜನ ತೋರುವ ಉದಾಸೀನ ನನಗೆ ಅರ್ಥವಾಗುವುದಿಲ್ಲ. ತಕರಾರು ನ್ಯಾಯಾಲಯದ ಮೆಟ್ಟಿಲೇರಿದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಸಹಿಯ ಬಗ್ಗೆ ಸಾಕ್ಷ್ಯ ನುಡಿಯಬೇಕಾಗುತ್ತದೆ. ಎಂಬತ್ತು ದಾಟಿದವರು ತಮ್ಮದೇ ವಯಸ್ಸಿನ ಇಬ್ಬರು ಸ್ನೇಹಿತರಿಂದ ಸಾಕ್ಷಿ ಹಾಕಿಸಿಕೊಂಡರೆ, ಅಗತ್ಯ ಬಿದ್ದಾಗ ಹೇಳಲು ಯಾರೂ ಉಳಿದಿರಲಾರರು. ತಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ, ಸುಲಭವಾಗಿ ಪತ್ತೆಯಾಗುವ ಇಬ್ಬರನ್ನು ಆರಿಸಿಕೊಳ್ಳುವುದು ಒಳ್ಳೆಯದು.

ನಾಮಿನಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಆಳವಾಗಿದೆ. ಬ್ಯಾಂಕ್ ಖಾತೆಗೆ ಮಗಳನ್ನು ನಾಮಿನಿ ಮಾಡಿದರೆ ಹಣ ಅವಳದಾಯಿತು ಎಂದೇ ಬಹುಮಂದಿ ನಂಬಿದ್ದಾರೆ. ಆದರೆ ನಾಮಿನಿ ಹಣವನ್ನು ಸ್ವೀಕರಿಸುವವರು ಮಾತ್ರ. ಒಡೆತನವನ್ನು ತೀರ್ಮಾನಿಸುವುದು ಉಯಿಲು, ಅದಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು. ಷೇರುಗಳಿಗೂ ಇದೇ ನಿಯಮವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಸಂಗಾತಿ ಅಥವಾ ಮಕ್ಕಳು ನಾಮಿನಿಗಳಾಗಿದ್ದರೆ ಹಣದ ಹಕ್ಕು ಸಾಮಾನ್ಯವಾಗಿ ಅವರದೇ ಆಗುತ್ತದೆ. ಹಾಗಾಗಿ ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳಬೇಕು.

ಇನ್ನು ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರಪತ್ರ. ನನ್ನ ಪರಿಚಿತರೊಬ್ಬರು ಮಗನ ಹೆಸರಿಗೆ ಜಿಪಿಎ ನೋಂದಾಯಿಸಿ, ಇನ್ನು ತಮಗೇನಾದರೂ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆಂದು ನೆಮ್ಮದಿಯಿಂದಿದ್ದರು. ಅವರು ಪಾರ್ಶ್ವವಾಯುವಿನಿಂದ ಪ್ರಜ್ಞೆ ತಪ್ಪಿ ಮಲಗಿದಾಗ ಮಗ ಆ ಪತ್ರ ಹಿಡಿದು ಬ್ಯಾಂಕಿಗೆ ಹೋದ. ಅಲ್ಲಿನ ಅಧಿಕಾರಿ ಅದನ್ನು ಕೊನೆಯವರೆಗೂ ಓದಿ, ತಂದೆ ಈಗ ಹೇಗಿದ್ದಾರೆಂದು ವಿಚಾರಿಸಿ, ಉತ್ತರ ಕೇಳಿದ ಮೇಲೆ ಪತ್ರವನ್ನು ಮಡಿಸಿ ಹಿಂದಿರುಗಿಸಿದರು. ಅಧಿಕಾರಿಯದು ತಪ್ಪಲ್ಲ. 1872ರ ಕರಾರು ಅಧಿನಿಯಮದ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರು ತೀರಿಕೊಂಡರೆ ಮಾತ್ರವಲ್ಲ, ಬುದ್ಧಿಸ್ಥಿಮಿತ ಕಳೆದುಕೊಂಡರೂ ಆ ಅಧಿಕಾರ ಕೊನೆಗೊಳ್ಳುತ್ತದೆ. ಕೆಲವು ದೇಶಗಳಲ್ಲಿ ವಿವೇಚನೆ ಹೋದ ನಂತರವೂ ಮುಂದುವರಿಯುವ ಅಧಿಕಾರಪತ್ರಕ್ಕೆ ಅವಕಾಶವಿದೆ. ನಮ್ಮ ಕಾನೂನಿನಲ್ಲಿ ಅಂಥದ್ದಿಲ್ಲ. ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಕೈಕೊಡುವ ಪತ್ರವನ್ನು ನಂಬಿ ಎಷ್ಟೋ ಕುಟುಂಬಗಳು ಕುಳಿತಿರುವುದು ನನಗೆ ನಿಜವಾಗಿ ನೋವು ತರುವ ಸಂಗತಿ. ಕೋಮಾದಲ್ಲಿರುವವರ ಆಸ್ತಿಯನ್ನು ನಿರ್ವಹಿಸಲು ಕುಟುಂಬದವರು ಪಾಲಕತ್ವ ಕೋರಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ರೂಪಿಸಿತು.

ಹೆಚ್ಚು ಆಸ್ತಿ ಇರುವವರು, ಅದರಲ್ಲೂ ಸ್ವತಂತ್ರವಾಗಿ ಬದುಕಲಾಗದ ಮಗುವಿನ ತಂದೆತಾಯಿ, 1882ರ ಟ್ರಸ್ಟ್ ಕಾಯಿದೆಯಡಿ ಖಾಸಗಿ ಟ್ರಸ್ಟ್ ರಚಿಸುವುದನ್ನು ಯೋಚಿಸಬಹುದು. ಆಸ್ತಿ ಟ್ರಸ್ಟಿಗಳ ಹೆಸರಿಗೆ ವರ್ಗವಾಗಿರುವುದರಿಂದ, ರಚಿಸಿದವರ ವಿವೇಚನೆ ಕುಂದಿದರೂ ಅದರ ಕೆಲಸ ನಿಲ್ಲುವುದಿಲ್ಲ.

ದಾನಪತ್ರದ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವವರು, ತಮ್ಮ ಊಟ, ವಸತಿ, ಔಷಧೋಪಚಾರವನ್ನು ಪಡೆದವರೇ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದೊಳಗೇ ಬರೆಸಬೇಕು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು, ಅಂಥ ಷರತ್ತು ಮುರಿದಾಗ ವರ್ಗಾವಣೆಯನ್ನು ರದ್ದುಪಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ಪ್ರೀತಿಯ ನಡುವೆ ಷರತ್ತೇಕೆ ಎಂಬ ಸಂಕೋಚದಲ್ಲಿ ಆ ಸಾಲನ್ನು ಬಿಟ್ಟರೆ, ಷರತ್ತಿತ್ತು ಎಂಬುದನ್ನು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ.

ಚಿಕಿತ್ಸೆಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ ನಮಗೊಂದು ದೊಡ್ಡ ಹಕ್ಕನ್ನು ಕೊಟ್ಟಿದೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಮಾನ್ಯತೆ ನೀಡಿತು. ಆಗ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಾವು ಮಾತನಾಡಲಾಗದಾಗ ತಮ್ಮ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಒಬ್ಬರು ಅಥವಾ ಹೆಚ್ಚು ಆಪ್ತರನ್ನು ಅದರಲ್ಲಿ ಹೆಸರಿಸಬೇಕು. ಚಿಕಿತ್ಸೆ ಹಿಂತೆಗೆಯುವ ಮುನ್ನ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮತ್ತು ಇನ್ನೊಂದು ದ್ವಿತೀಯ ಮಂಡಳಿ ಒಪ್ಪಬೇಕಾಗುವುದರಿಂದ, ಇದನ್ನು ಯಾರೋ ದುರುಪಯೋಗ ಮಾಡುತ್ತಾರೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ಈ ಪತ್ರದ ಬಲವೆಲ್ಲ ಅದರ ಸ್ಪಷ್ಟತೆಯಲ್ಲಿದೆ. "ಅನಗತ್ಯ ಚಿಕಿತ್ಸೆ ಬೇಡ" ಎಂದಷ್ಟೇ ಬರೆದರೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಮಕ್ಕಳಿಗೆ ಯಾವುದು ಅನಗತ್ಯವೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಚೇತರಿಕೆಯ ಭರವಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ವೆಂಟಿಲೇಟರ್ ಬೇಕೇ, ಡಯಾಲಿಸಿಸ್ ಮುಂದುವರಿಯಬೇಕೇ, ಮೂಗಿನ ನಳಿಕೆಯಿಂದ ಆಹಾರ ಕೊಡಬೇಕೇ, ಹೃದಯ ನಿಂತರೆ ಎದೆ ಒತ್ತಿ ಮತ್ತೆ ಚಾಲನೆಗೊಳಿಸಬೇಕೇ ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ನೋವು ನಿವಾರಣೆ ಮತ್ತು ಉಪಶಮನ ಆರೈಕೆ ಕೊನೆಯವರೆಗೂ ಬೇಕೆಂಬುದನ್ನೂ ಸೇರಿಸಬೇಕು. ಬರೆಯುವ ಮೊದಲು ಮನೆಯ ವೈದ್ಯರ ಜೊತೆ ಒಂದು ಗಂಟೆ ಕುಳಿತು, ಈ ಒಂದೊಂದು ಉಪಕರಣವೂ ದೇಹಕ್ಕೆ ಏನು ಮಾಡುತ್ತದೆಂದು ಕೇಳಿ ತಿಳಿದುಕೊಳ್ಳಿ.

ಪ್ರತಿಗಳನ್ನು ಹೆಸರಿಸಿದ ಆಪ್ತರಿಗೆ, ಮನೆಯ ವೈದ್ಯರಿಗೆ ಮತ್ತು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ತಲುಪಿಸಬೇಕು. ಉಯಿಲನ್ನು ಬ್ಯಾಂಕಿನ ಲಾಕರಿನಲ್ಲಿಟ್ಟರೂ ನಡೆದೀತು, ಆದರೆ ಈ ನಿರ್ದೇಶನವನ್ನು ಅಲ್ಲಿಡಬಾರದು, ಏಕೆಂದರೆ ಇದು ಬೇಕಾಗುವುದು ಮಧ್ಯರಾತ್ರಿಯ ತುರ್ತು ಚಿಕಿತ್ಸಾ ಘಟಕದಲ್ಲಿ. ಮನಸ್ಸು ಬದಲಾದರೆ, ವಿವೇಚನೆ ಇರುವವರೆಗೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಹಾಗೆ ಮಾಡಿದಾಗ ಹಳೆಯ ಪ್ರತಿ ಹೊಂದಿರುವ ಪ್ರತಿಯೊಬ್ಬರಿಗೂ ತಿಳಿಸಿ, ಅದನ್ನು ವಾಪಸು ಪಡೆಯಬೇಕು.