ಪಟ್ಟಿ ಒಂದು ಶೀಟಿನದು, ಡಿಲೀಟ್ ಆಗಿದ್ದು ಇನ್ನೊಂದರಲ್ಲಿ

"ಸರ್, ನಿಮ್ಮ ಡಿಲೀಟ್ ಬಟನ್ ಕೆಲಸ ಮಾಡ್ತಿಲ್ಲ. ಐದು ಸಲ ಒತ್ತಿದೆ, ಸಾಲು ಹೋಗ್ತಾನೇ ಇಲ್ಲ."

ತಿಂಗಳ ಕೊನೆ, ಅಕೌಂಟ್ಸ್‌ನಿಂದ ಫೋನ್. "ಸರಿಯಾಗಿ ಸೆಲೆಕ್ಟ್ ಮಾಡಿರಲ್ಲ, ನೋಡಿ ಮೇಡಂ" ಅಂದೆ. ಈ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಾಕಿ ಬಿಲ್‌ಗಳ ಎಕ್ಸೆಲ್ ಟೇಬಲ್ ಅದು. ಡೇಟಾಬೇಸ್ ಬೇಕು ಅಂದಿದ್ದೆ. ಮ್ಯಾನೇಜರ್ "ಎಕ್ಸೆಲ್ ಇದೆಯಲ್ಲ, ಮಧ್ಯಾಹ್ನದೊಳಗೆ ಮಾಡಿಬಿಡಿ" ಅಂದರು. ಮಾಡಿಬಿಟ್ಟೆ. ಯೂಸರ್‌ಫಾರ್ಮ್ (ಶೀಟಿನ ಮೇಲೆ ತೆರೆಯುವ ಪುಟ್ಟ ಕಿಟಕಿ), ಅದರಲ್ಲೊಂದು ಲಿಸ್ಟ್‌ಬಾಕ್ಸ್, ಅಂದರೆ ಬಿಲ್‌ಗಳ ಪಟ್ಟಿ, ಆ ಪಟ್ಟಿ ಯಾವ ಸೆಲ್‌ಗಳಿಂದ ಬರಬೇಕು ಅಂತ ಹೇಳುವ ರೋಸೋರ್ಸ್‌ಗೆ ಟೇಬಲ್ಲಿನ ಡೇಟಾಬಾಡಿರೇಂಜ್.ಅಡ್ರೆಸ್, ಅಂದರೆ ಹೆಡಿಂಗ್ ಬಿಟ್ಟು ಉಳಿದ ಸೆಲ್‌ಗಳ ವಿಳಾಸ. ಡಿಲೀಟ್ ಒತ್ತಿದರೆ ಲಿಸ್ಟ್‌ಇಂಡೆಕ್ಸ್‌ಗೆ (ಪಟ್ಟಿಯಲ್ಲಿ ಆರಿಸಿದ್ದು ಎಷ್ಟನೆಯದು ಅನ್ನುವ ನಂಬರ್) 1 ಕೂಡಿಸಿ ಆ ನಂಬರಿನ ಲಿಸ್ಟ್‌ರೋ, ಅಂದರೆ ಟೇಬಲ್ಲಿನ ಸಾಲು, ತೆಗೆಯುವುದು. ಲಿಸ್ಟ್‌ಇಂಡೆಕ್ಸ್‌ನ ಎಣಿಕೆ 0ಯಿಂದ, ಲಿಸ್ಟ್‌ರೋದು 1ರಿಂದ. ಅದನ್ನು ಮರೆಯಲಿಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕೊನೆಗೆ "ತೆಗೆಯಲಾಗಿದೆ" ಅಂತ ಮೆಸೇಜ್‌ಬಾಕ್ಸ್, ಜೊತೆಗೆ ಸೇವ್.

ಅವರ ಸೀಟಿಗೆ ಹೋಗಿ "ಇನ್ನೊಮ್ಮೆ ಒತ್ತಿ" ಅಂದೆ. ಹೌದು, ನಾನೇ ಹೇಳಿದ್ದು. ಒತ್ತಿದರು. "ತೆಗೆಯಲಾಗಿದೆ" ಬಂತು. ಸಾಲು ಅಲ್ಲೇ ಕೂತಿತ್ತು. ಆಗ ಕಣ್ಣು ಫಾರ್ಮ್‌ನ ಹಿಂದಕ್ಕೆ ಹೋಯಿತು. ತೆರೆದಿದ್ದ ಶೀಟ್ ಟೇಬಲ್ ಇರುವುದಲ್ಲ. ಅದೇ ಬಿಲ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಪೇಸ್ಟ್ ಮಾಡಿಟ್ಟ ರಿಪೋರ್ಟ್!

ಅಡ್ರೆಸ್ ಅಂತ ಸುಮ್ನೆ ಬರೆದರೆ ಶೀಟಿನ ಹೆಸರು ಬರುವುದಿಲ್ಲ, ಬರೀ ಸೆಲ್‌ಗಳ ಗುರುತು ಬರುತ್ತದೆ. ರೋಸೋರ್ಸ್ ಆ ಹೊತ್ತಿಗೆ ಯಾವ ಶೀಟ್ ತೆರೆದಿದೆಯೋ ಅದರ ಸೆಲ್‌ಗಳನ್ನು ತೋರಿಸುತ್ತದೆ. ಅವರು ನೋಡುತ್ತಿದ್ದ ಪಟ್ಟಿ ರಿಪೋರ್ಟಿನದು, ಕತ್ತರಿ ಬೀಳುತ್ತಿದ್ದದ್ದು ಟೇಬಲ್ಲಿಗೆ. ಒಂದೇ ಸಾಲಿನ ಮೇಲೆ ನಿಂತು ಅವರು ಒತ್ತುತ್ತಿದ್ದರೆ, ಅತ್ತ ಟೇಬಲ್ಲಿನ 12ನೇ ಸಾಲು ಹೋಯಿತು, 13 ಮೇಲೆ ಬಂದು 12 ಆಯಿತು, ಅದೂ ಹೋಯಿತು. ನಾನು ಒತ್ತಿಸಿದ್ದೂ ಸೇರಿ ಆರು ಬಿಲ್.

ಕಂಟ್ರೋಲ್ ಝಡ್ ಒತ್ತಿದೆ. ಏನೂ ಆಗಲಿಲ್ಲ. ಮ್ಯಾಕ್ರೋ, ಅಂದರೆ ಎಕ್ಸೆಲ್ಲಿನೊಳಗೆ ಬರೆದ ಕೋಡ್, ಶೀಟನ್ನು ಮುಟ್ಟಿದರೆ ಅಂಡೂ ಖಾಲಿಯಾಗುತ್ತದೆ ಅಂತ ಗೊತ್ತು. ಗೊತ್ತಿದ್ದೂ ನಾಲ್ಕು ಸಲ ಒತ್ತಿದೆ. ಮೇಡಂ ಮಾತಾಡಲಿಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದರು.

ಕೊನೆಗೆ ಕಾಪಾಡಿದ್ದು ಅದೇ ರಿಪೋರ್ಟ್ ಶೀಟು. ಅದರ ಬಿಲ್ ನಂಬರ್‌ಗಳನ್ನು ಟೇಬಲ್ಲಿನ ಜೊತೆ ಮ್ಯಾಚ್ ಹಾಕಿ, ಸಿಗದ ಆರನ್ನು ಕೈಯಲ್ಲೇ ಸೇರಿಸಿದೆ.

ಅಡ್ರೆಸ್‌ಗೆ ಎಕ್ಸ್‌ಟರ್ನಲ್ ಟ್ರೂ ಕೊಟ್ಟಿದ್ದರೆ ಶೀಟಿನ ಹೆಸರೂ ಜೊತೆಗೆ ಬಂದು ಪಟ್ಟಿಯೇನೋ ಸರಿಹೋಗುತ್ತಿತ್ತು. ಆದರೆ ಎಷ್ಟನೇ ಸಾಲು ಅನ್ನೋದನ್ನು ನಂಬಿ ಡಿಲೀಟ್ ಮಾಡಿದ್ದೇ ನನ್ನ ದಡ್ಡತನ. ಈಗ ಆರಿಸಿದ ಸಾಲಿನ ಬಿಲ್ ನಂಬರನ್ನು ಟೇಬಲ್ಲಿನಲ್ಲಿ ಹುಡುಕಿ, ಸಿಕ್ಕರೆ ಮಾತ್ರ ತೆಗೆಯುತ್ತದೆ. ತೆಗೆಯುವ ಮೊದಲು ಆ ನಂಬರ್ ತೋರಿಸಿ ಕೇಳುತ್ತದೆ. ಮ್ಯಾನೇಜರ್‌ಗೆ ವಿಷಯ ತಿಳಿದಾಗ "ಹಾಗಿದ್ರೆ ಒಂದು ಅಂಡೂ ಬಟನ್ ಹಾಕಿಬಿಡಿ" ಅಂದರು. ಅದೂ ಮಧ್ಯಾಹ್ನದೊಳಗೇ ಅಂತೆ.

ಮೇಡಂ ಈಗ ಆ ನಂಬರನ್ನು ಜೋರಾಗಿ ಓದಿಯೇ ಓಕೆ ಒತ್ತುತ್ತಾರೆ. ನನ್ನ ಸೀಟಿಗೆ ಕೇಳಿಸುವಷ್ಟು ಜೋರಾಗಿ.